ಚಳಿಗಾಲದಲ್ಲಿ ವಿದ್ಯುತ್ ಕಾರಿನ ಹೀಟರ್ ನಿಜಕ್ಕೂ ಎಷ್ಟು ಕರೆಂಟು ತಿನ್ನುತ್ತದೆ?

ಹೊಸಚಾಲಕ

ಎಲ್ಲರಿಗೂ ನಮಸ್ಕಾರ. ವಿದ್ಯುತ್ ಕಾರು ಕೊಂಡ ಮೇಲೆ ಇದು ನನ್ನ ಮೊದಲ ಚಳಿಗಾಲ. ಬೇಸಿಗೆಯಿಡೀ ನೂರು ಕಿಲೋಮೀಟರಿಗೆ 14 ಯೂನಿಟ್ ಲೆಕ್ಕದಲ್ಲಿ ಓಡಿದ ಕಾರು, ಹೊರಗಿನ ಉಷ್ಣಾಂಶ ಸೊನ್ನೆಗಿಂತ 8 ಡಿಗ್ರಿ ಕೆಳಗಿಳಿದಿರುವ ಈ ವಾರ 30 ಯೂನಿಟ್ ತೋರಿಸುತ್ತಿದೆ. ನಾನು ದಿನಾ ಬೆಳಿಗ್ಗೆ ಹೋಗುವುದು ಕೇವಲ 9 ಕಿಲೋಮೀಟರ್, ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗಲು ಇಪ್ಪತ್ತೈದು ನಿಮಿಷ ಬೇಕು. ಮೊದಲಿದ್ದ 1.26 ಯೂನಿಟ್ ಖರ್ಚು ಈಗ 2.7 ಆಗಿದೆ, ಅಂದರೆ ಎರಡು ಪಟ್ಟಿಗೂ ಹೆಚ್ಚು.

ನನಗೆ ಅರ್ಥವಾಗದಿರುವುದು ಇದಲ್ಲ. ಅದೇ ವಾರದ ಕೊನೆಯಲ್ಲಿ, ಅಷ್ಟೇ ಚಳಿಯಲ್ಲಿ, ಹೆದ್ದಾರಿಯಲ್ಲಿ 120 ಕಿಲೋಮೀಟರ್ ಹೋದೆ. ಅಲ್ಲಿ ನೂರು ಕಿಲೋಮೀಟರಿಗೆ ತಗುಲಿದ್ದು ಸುಮಾರು 20 ಯೂನಿಟ್ ಮಾತ್ರ. ಕಾರು ಅದೇ, ಹೀಟರ್ ಅದೇ, ಇಟ್ಟಿದ್ದ 20 ಡಿಗ್ರಿಯೂ ಅದೇ. ಹೆಚ್ಚು ವೇಗದಲ್ಲಿ ಹೋದಾಗ ಹೆಚ್ಚು ಖರ್ಚಾಗಬೇಕಿತ್ತಲ್ಲವೇ? ನನ್ನ ಕಾರಿನಲ್ಲಿ ಹೀಟ್ ಪಂಪ್ (ಹೊರಗಾಳಿಯ ಶಾಖವನ್ನು ಒಳಗೆ ತರುವ ಯಂತ್ರ) ಇಲ್ಲ, ಸಾದಾ ವಿದ್ಯುತ್ ಹೀಟರ್ ಇದೆ. ಬ್ಯಾಟರಿ 40 ಯೂನಿಟ್ಟಿನದು. ಕಾರಿನಲ್ಲಿ ಏನಾದರೂ ದೋಷವಿದೆಯೋ ಅಥವಾ ನನ್ನ ಲೆಕ್ಕವೇ ತಪ್ಪೋ, ತಿಳಿದವರು ದಯವಿಟ್ಟು ಹೇಳಬೇಕು.

ಭೌತಶಾಸ್ತ್ರದ ಮೇಷ್ಟ್ರು

ಕಾರಿನಲ್ಲಿ ದೋಷವಿಲ್ಲ, ನಿಮ್ಮ ಲೆಕ್ಕವೂ ತಪ್ಪಿಲ್ಲ. ಚಕ್ರ ತಿರುಗಿಸಲು ತಗಲುವ ಶಕ್ತಿಯನ್ನು ಕಿಲೋಮೀಟರಿನಲ್ಲಿ ಅಳೆಯಬಹುದು, ಹೀಟರಿನ ಶಕ್ತಿಯನ್ನು ಮಾತ್ರ ಗಂಟೆಯಲ್ಲೇ ಅಳೆಯಬೇಕು. ಹೀಟರಿಗೆ ನೀವು ಎಷ್ಟು ದೂರ ಹೋದಿರಿ ಎಂಬುದು ಗೊತ್ತಿಲ್ಲ; ಎಷ್ಟು ಹೊತ್ತು ಒಳಗೆ ಕೂತಿದ್ದಿರಿ, ಕೂರುವ ಮುಂಚೆ ಕಾರು ಎಷ್ಟು ತಣ್ಣಗಾಗಿತ್ತು ಎಂಬುದಷ್ಟೇ ಅದಕ್ಕೆ ಬೇಕಾದ ವಿಷಯ.

ಅಂಕಿಗಳನ್ನು ಹಾಕಿ ನೋಡೋಣ. ಸಣ್ಣ ಕಾರಿನ ಒಳಗೆ ಹಿಡಿಯುವ ಗಾಳಿ ಹೆಚ್ಚೆಂದರೆ 3 ಘನ ಮೀಟರ್, ಅದರ ತೂಕ ಸುಮಾರು 4 ಕಿಲೋ. ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಜೂಲ್ ಸಾಕು. ಹಾಗಾಗಿ ಸೊನ್ನೆಗಿಂತ 8 ಡಿಗ್ರಿ ಕೆಳಗಿನಿಂದ 20 ಡಿಗ್ರಿಗೆ, ಅಂದರೆ 28 ಡಿಗ್ರಿ ಏರಿಸಲು 113 ಕಿಲೋಜೂಲ್ ಬೇಕಾಗುತ್ತದೆ. ಒಂದು ಯೂನಿಟ್ ಎಂದರೆ 3600 ಕಿಲೋಜೂಲ್ ಆದ್ದರಿಂದ ಇದು ಒಂದು ಯೂನಿಟ್ಟಿನ ನೂರರಲ್ಲಿ ಮೂರು ಪಾಲು. ಗಾಳಿ ಬಿಸಿ ಮಾಡುವುದಷ್ಟೇ ಹೀಟರಿನ ಕೆಲಸವಾಗಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ.

ಆದರೆ ರಾತ್ರಿಯಿಡೀ ಚಳಿಯಲ್ಲಿ ನಿಂತ ಕಾರಿನೊಳಗೆ ಸೀಟು, ಡ್ಯಾಶ್‌ಬೋರ್ಡು, ಬಾಗಿಲಿನ ಒಳಪದರ, ಗಾಜು ಎಲ್ಲವೂ ತಣ್ಣಗೆ ಕೊರೆಯುತ್ತಿರುತ್ತವೆ. ಇವುಗಳಲ್ಲಿ ನೂರು ಕಿಲೋದಷ್ಟನ್ನು ಬೆಚ್ಚಗೆ ಮಾಡಬೇಕೆಂದು ಇಟ್ಟುಕೊಂಡರೆ 2800 ಕಿಲೋಜೂಲ್, ಅಂದರೆ ಮುಕ್ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. ಇದು ಪ್ರತಿ ಬಾರಿ ತಣ್ಣನೆಯ ಕಾರು ಹತ್ತಿದಾಗಲೂ ಮೊದಲ ಹತ್ತು ನಿಮಿಷದಲ್ಲಿ ಕಟ್ಟಬೇಕಾದ ಸುಂಕ. ಒಂಬತ್ತು ಕಿಲೋಮೀಟರ್ ಹೋದರೂ ಅಷ್ಟೇ, ನೂರಿಪ್ಪತ್ತು ಹೋದರೂ ಅಷ್ಟೇ.

ಆಮೇಲಿನದು ನಿರಂತರ ಖರ್ಚು, ಅದರಲ್ಲಿ ದೊಡ್ಡ ಪಾಲು ಹೊರಗಿನಿಂದ ಬರುವ ಹೊಸ ಗಾಳಿಯದು. ಬ್ಲೋವರ್ ಗಂಟೆಗೆ 120 ಘನ ಮೀಟರ್ ಹೊರಗಾಳಿ ಎಳೆಯುತ್ತದೆ ಎಂದುಕೊಳ್ಳಿ. ಆ ಚಳಿಯಲ್ಲಿ ಅದು 160 ಕಿಲೋ ಗಾಳಿ. ಅದನ್ನು 28 ಡಿಗ್ರಿ ಬಿಸಿ ಮಾಡಿ, ಬೆಚ್ಚಗಾದದ್ದೇ ತಡ ಹಿಂಬದಿಯ ಕಿಂಡಿಗಳಿಂದ ಹೊರಗೆ ಬಿಟ್ಟುಬಿಡುತ್ತೇವೆ. ಇದಕ್ಕೇ 1.25 ಕಿಲೋವ್ಯಾಟ್ ಬೇಕು. ಉಳಿದದ್ದು ಗಾಜು, ಚಾವಣಿ, ನೆಲಗಳ ಮೂಲಕ ಸೋರಿಹೋಗುವ ಶಾಖ. ಎಲ್ಲ ಸೇರಿ 2 ಕಿಲೋವ್ಯಾಟ್ ಆಸುಪಾಸಿಗೆ ಬರುತ್ತದೆ.

ಈಗ ನಿಮ್ಮ ಬೆಳಗಿನ ಪಯಣಕ್ಕೆ ಇದನ್ನು ಹೊಂದಿಸಿ. ಮೊದಲ ಹತ್ತು ನಿಮಿಷ 5 ಕಿಲೋವ್ಯಾಟ್ ಎಂದರೆ 0.83 ಯೂನಿಟ್, ಮುಂದಿನ ಕಾಲು ಗಂಟೆ 2 ಕಿಲೋವ್ಯಾಟ್ ಎಂದರೆ ಅರ್ಧ ಯೂನಿಟ್. ಒಟ್ಟು 1.33. ಓಡಲು ಬೇಕಾದ 1.4 ಅನ್ನು ಇದಕ್ಕೆ ಸೇರಿಸಿದರೆ ನಿಮ್ಮ 2.7 ಬಂದೇಬಿಟ್ಟಿತು. ಹೆದ್ದಾರಿಯ ಒಂದೂವರೆ ಗಂಟೆಯಲ್ಲಿ ಹೀಟರ್ ಒಟ್ಟು 3.5 ಯೂನಿಟ್ ತಿಂದಿರುತ್ತದೆ. ಮೊತ್ತವಾಗಿ ನೋಡಿದರೆ ಇದು ಬೆಳಗಿನ ಖರ್ಚಿನ ಎರಡೂವರೆ ಪಟ್ಟು. ಆದರೆ 120 ಕಿಲೋಮೀಟರಿಗೆ ಹಂಚಿಹೋದದ್ದರಿಂದ ನೂರು ಕಿಲೋಮೀಟರಿಗೆ ಮೂರು ಯೂನಿಟ್ಟಿಗಿಂತ ಕಡಿಮೆಯಾಗಿ ಕಾಣುತ್ತದೆ.

ಉದ್ದದಾರಿ

ಮೇಷ್ಟ್ರ ಲೆಕ್ಕ ಚೆನ್ನಾಗಿದೆ, ಆದರೆ ಎಲ್ಲವನ್ನೂ ಹೀಟರಿನ ತಲೆಗೆ ಕಟ್ಟುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಚಳಿಯಲ್ಲಿ ಬ್ಯಾಟರಿಯ ಒಳಗಿನ ರೋಧ ಏರುತ್ತದೆ, ಕೊಟ್ಟ ಶಕ್ತಿಯಲ್ಲಿ ಒಂದಷ್ಟು ಅಲ್ಲೇ ಶಾಖವಾಗಿ ಹೋಗುತ್ತದೆ. ತಣ್ಣಗಿರುವ ಲಿಥಿಯಂ ಕೋಶಕ್ಕೆ ಜೋರಾಗಿ ಚಾರ್ಜ್ ತುಂಬಿದರೆ ಲಿಥಿಯಂ ಲೋಹವಾಗಿ ಪದರಗಟ್ಟುವ ಅಪಾಯವಿರುವುದರಿಂದ ಬ್ರೇಕ್ ಒತ್ತಿದಾಗ ಶಕ್ತಿ ಹಿಂದಿರುಗಿಸಿಕೊಳ್ಳುವ ಪ್ರಮಾಣವನ್ನೂ ಕಾರು ತಾನೇ ತಗ್ಗಿಸುತ್ತದೆ. ಸಿಗ್ನಲ್‌ಗಳಿರುವ ರಸ್ತೆಯಲ್ಲಿ ಇದು ಸಣ್ಣ ನಷ್ಟವಲ್ಲ. ಟೈರು ಗಟ್ಟಿಯಾಗಿ ಉರುಳುವಿಕೆ ಭಾರವಾಗುತ್ತದೆ. ಗಾಳಿಯೂ ದಟ್ಟವಾಗುತ್ತದೆ. 20 ಡಿಗ್ರಿಯಲ್ಲಿ ಘನ ಮೀಟರಿಗೆ 1.20 ಕಿಲೋ ಇರುವ ಗಾಳಿ ನೀವು ಹೇಳಿದ ಚಳಿಯಲ್ಲಿ 1.33 ಕಿಲೋ ಆಗುತ್ತದೆ, ಅಂದರೆ ಅದನ್ನು ಸೀಳಿಕೊಂಡು ಹೋಗಲು ಶೇಕಡ 11ರಷ್ಟು ಹೆಚ್ಚು ಬಲ ಬೇಕು. ಹೆದ್ದಾರಿಯಲ್ಲಿ ನಿಮಗಾದ ಹೆಚ್ಚುವರಿ ಖರ್ಚಿನಲ್ಲಿ ಇದರದೂ ಒಂದು ಪಾಲಿದೆ.

ಹೀಟರ್ ಎಷ್ಟು, ಉಳಿದದ್ದೆಷ್ಟು ಎಂದು ಬೇರ್ಪಡಿಸಲು ಒಂದೇ ದಾರಿ: ಒಂದು ದಿನ ಹೀಟರ್ ಹಾಕದೆ ಅದೇ ರಸ್ತೆಯಲ್ಲಿ ಹೋಗಿ ನೋಡಿ.

ಹೊಸಚಾಲಕ

ಉದ್ದದಾರಿಯವರೇ, ಇಂದು ಬೆಳಿಗ್ಗೆ ನೀವು ಹೇಳಿದಂತೆಯೇ ಮಾಡಿದೆ. ಹೊರಗೆ ಸೊನ್ನೆಗಿಂತ 7 ಡಿಗ್ರಿ ಕಡಿಮೆ, ಹೆಚ್ಚುಕಡಿಮೆ ಅದೇ ಚಳಿ. ಹೀಟರ್ ಮತ್ತು ಬ್ಲೋವರ್ ಎರಡನ್ನೂ ಆರಿಸಿ, ದಪ್ಪ ಕೋಟು, ಉಣ್ಣೆಯ ಕೈಗವಸು ಹಾಕಿಕೊಂಡು ಹೊರಟೆ. ಮೊದಲ ಸಿಗ್ನಲ್ ತಲುಪುವ ಹೊತ್ತಿಗೆ ಎದುರಿನ ಗಾಜಿನ ಕೆಳಗಿನ ಅಂಚು ಬೆಳ್ಳಗಾಗತೊಡಗಿತು. ಮೂರನೇ ಕಿಲೋಮೀಟರಿನಲ್ಲಿ ಕೈಗವಸಿನ ಹಿಂಬದಿಯಿಂದ ಒರೆಸಿದರೆ, ಒರೆಸಿದ ಜಾಗದಲ್ಲಿ ತೆಳ್ಳನೆಯ ನೀರಿನ ಗೆರೆಗಳು ನಿಂತು, ನೋಡನೋಡುತ್ತಿದ್ದಂತೆ ಅವೇ ಗೆರೆಗಳು ಹೆಪ್ಪುಗಟ್ಟಿದವು. ಎದುರಿನ ವಾಹನದ ಕೆಂಪು ದೀಪ ಹರಡಿಕೊಂಡು ದೊಡ್ಡ ಮಚ್ಚೆಯಾಗಿ ಕಾಣತೊಡಗಿದಾಗ ಹೆದರಿ ಬದಿಗೆ ನಿಲ್ಲಿಸಿ, ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು, ಒಣಬಟ್ಟೆಯಿಂದ ಒರೆಸಿ, ಎರಡೂ ಕಿಟಕಿಗಳನ್ನು ಸ್ವಲ್ಪ ಇಳಿಸಿಕೊಂಡೇ ಉಳಿದ ದಾರಿ ಮುಗಿಸಿದೆ.

ಖರ್ಚಾದದ್ದು 1.4 ಯೂನಿಟ್. ಬೇಸಿಗೆಯ 1.26ಕ್ಕೆ ಹೋಲಿಸಿದರೆ ಶೇಕಡ 11 ಹೆಚ್ಚು. ಉಳಿದ 1.3 ಯೂನಿಟ್ ಹೀಟರಿನದೇ ಎಂಬುದು ಸ್ಪಷ್ಟವಾಯಿತು. ಆದರೆ ಈ ಪ್ರಯೋಗವನ್ನು ಮತ್ತೊಮ್ಮೆ ಮಾಡುವುದಿಲ್ಲ, ಬೇರೆ ಯಾರೂ ಮಾಡಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಉದ್ದದಾರಿ

ನೀವು ಅಪಾಯಕ್ಕೆ ಸಿಕ್ಕಿಕೊಂಡಿದ್ದಕ್ಕೆ ನನ್ನ ಸಲಹೆಯೇ ಕಾರಣವಾಯಿತು, ಕ್ಷಮೆಯಿರಲಿ. ಗಾಜಿಗೆ ಆವಿ ಹಿಡಿಯುವ ವಿಷಯ ನಾನು ಯೋಚಿಸಿಯೇ ಬರೆಯಬೇಕಿತ್ತು.

ನಿಮ್ಮ ಅಂಕಿಗಳಿಗೆ ಹತ್ತಿರವಾದ ಒಂದು ದೊಡ್ಡ ಪರೀಕ್ಷೆ ಇದೆ. ಅಮೆರಿಕದ ವಾಹನ ಸವಾರರ ಸಂಘಟನೆಯಾದ ಎಎಎ 2019ರಲ್ಲಿ ಐದು ವಿದ್ಯುತ್ ಕಾರುಗಳನ್ನು ಪ್ರಯೋಗಾಲಯದಲ್ಲಿ ಓಡಿಸಿ ನೋಡಿತು. ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೆ, ಹೀಟರ್ ಇಲ್ಲದೆ ರೇಂಜ್, ಅಂದರೆ ಒಮ್ಮೆ ತುಂಬಿದ ಬ್ಯಾಟರಿಯಲ್ಲಿ ಹೋಗಬಲ್ಲ ದೂರ, ಸರಾಸರಿ ಶೇಕಡ 12 ತಗ್ಗಿತು; ಹೀಟರ್ ಹಾಕಿದಾಗ ಶೇಕಡ 41 ತಗ್ಗಿತು. ಅದೇ ಪರೀಕ್ಷೆಯಲ್ಲಿ 35 ಡಿಗ್ರಿ ಸೆಕೆಯಲ್ಲಿ ಎಸಿ ಹಾಕಿದಾಗ ತಗ್ಗಿದ್ದು ಶೇಕಡ 17 ಮಾತ್ರ. ಸೆಕೆಯಲ್ಲಿ ಹತ್ತು ಹನ್ನೆರಡು ಡಿಗ್ರಿ ಇಳಿಸಿದರೆ ಸಾಕು, ಚಳಿಯಲ್ಲಿ ಇಪ್ಪತ್ತೆಂಟು ಮೂವತ್ತು ಡಿಗ್ರಿ ಏರಿಸಬೇಕು. ವ್ಯತ್ಯಾಸದ ಮೂಲ ಅಲ್ಲಿದೆ.

ಭೌತಶಾಸ್ತ್ರದ ಮೇಷ್ಟ್ರು

ಒಂದು ಸಣ್ಣ ತಿದ್ದುಪಡಿ, ಏಕೆಂದರೆ ಇಲ್ಲಿ ಅನೇಕರು ಎಡವುತ್ತಾರೆ. ರೇಂಜ್ ಶೇಕಡ 41 ತಗ್ಗಿತು ಎಂದರೆ ಖರ್ಚು ಶೇಕಡ 41 ಏರಿತು ಎಂದಲ್ಲ. ನೂರು ಕಿಲೋಮೀಟರ್ ಹೋಗಬೇಕಾದ ಶಕ್ತಿಯಲ್ಲಿ 59 ಹೋದೆವು ಎಂದರೆ ಪ್ರತಿ ಕಿಲೋಮೀಟರಿನ ಖರ್ಚು ಶೇಕಡ 69 ಏರಿದೆ ಎಂದರ್ಥ. ಹೊಸಚಾಲಕರ ಬೆಳಗಿನ ಪಯಣದಲ್ಲಿ ಖರ್ಚು ಶೇಕಡ 114 ಏರಿದೆ. ರೇಂಜಿನ ಲೆಕ್ಕದಲ್ಲಿ ಅದು ಶೇಕಡ 53ರ ಇಳಿಕೆ. ಎರಡು ಅಂಕಿಗಳನ್ನು ಹೋಲಿಸುವಾಗ ಎರಡೂ ಒಂದೇ ಅಳತೆಯಲ್ಲಿವೆಯೇ ಎಂದು ನೋಡಿಕೊಳ್ಳಬೇಕು.

ಶೀತಕ ಕೆಲಸಗಾರ

ನಾನು ವಾಹನಗಳ ಎಸಿ ಮತ್ತು ಹೀಟರ್ ರಿಪೇರಿ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಹಳೆಯ ಪೆಟ್ರೋಲ್ ಕಾರಿನವರು ನಮ್ಮಲ್ಲಿಗೆ ಬಂದು ಹೀಟರ್ ಬಿಟ್ಟಿ ಬರುತ್ತಿತ್ತಲ್ಲ, ಇಲ್ಲೇಕೆ ಹೀಗೆ ಎಂದು ಕೇಳುತ್ತಾರೆ. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನೋ ಅದಕ್ಕಿಂತ ಕಡಿಮೆಯನ್ನೋ ಚಕ್ರಕ್ಕೆ ಕೊಟ್ಟು, ಉಳಿದದ್ದನ್ನೆಲ್ಲ ಶಾಖವಾಗಿ ಚೆಲ್ಲುತ್ತದೆ. ಚೆಲ್ಲಿಹೋಗುವುದರಲ್ಲೇ ಒಂದು ಬೊಗಸೆ ತೆಗೆದು ಒಳಗೆ ಹಾಯಿಸುತ್ತಿದ್ದೆವು. ವಿದ್ಯುತ್ ಮೋಟಾರು ನೂರರಲ್ಲಿ ತೊಂಬತ್ತು ಪಾಲಿಗೂ ಹೆಚ್ಚನ್ನು ಚಕ್ರಕ್ಕೇ ಕೊಡುವುದರಿಂದ ಚೆಲ್ಲುವುದಕ್ಕೆ ಅದರ ಬಳಿ ಹೆಚ್ಚೇನೂ ಉಳಿಯುವುದಿಲ್ಲ. ಶಾಖ ಬೇಕೆಂದರೆ ಬ್ಯಾಟರಿಯಿಂದಲೇ ತೆಗೆಯಬೇಕು.

ಹೊಸಚಾಲಕರ ಕಾರಿನಲ್ಲಿರುವುದು ಪಿಟಿಸಿ ಹೀಟರ್. ಅದರ ಹೃದಯ ಬೇರಿಯಂ ಟೈಟನೇಟ್ ಎಂಬ ಪಿಂಗಾಣಿಯಂಥ ವಸ್ತುವಿನ ಬಿಲ್ಲೆಗಳು. ಬಿಸಿ ಒಂದು ಮಟ್ಟ ದಾಟಿದರೆ ಈ ಬಿಲ್ಲೆಯ ರೋಧ ಇದ್ದಕ್ಕಿದ್ದಂತೆ ಏರಿ ಕರೆಂಟು ತಾನಾಗಿಯೇ ತಗ್ಗುತ್ತದೆ. ಸುಟ್ಟುಹೋಗುವ ಭಯವಿಲ್ಲ, ಬೆಲೆಯೂ ಕಡಿಮೆ, ಎಷ್ಟು ಚಳಿಯಿದ್ದರೂ ನಿಂತ ನಿಲುವಿನಲ್ಲಿ 5 ರಿಂದ 7 ಕಿಲೋವ್ಯಾಟ್ ಶಾಖ ಕೊಡುತ್ತದೆ. ಅದರ ಒಂದೇ ದೋಷವೆಂದರೆ ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖ.

ಹೀಟ್ ಪಂಪ್ ಬೇರೆ ಬಗೆಯದು. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ತಣ್ಣನೆಯ ಗಾಳಿಯಲ್ಲೂ ಇರುವ ಶಾಖವನ್ನು ಹೆಕ್ಕಿ ಒಳಗೆ ಹೊತ್ತು ತರುತ್ತದೆ. ಹೊರಗೆ 5 ಡಿಗ್ರಿ ಇದ್ದಾಗ ಒಂದು ಯೂನಿಟ್ ಕರೆಂಟಿಗೆ ಎರಡೂವರೆ ಮೂರು ಯೂನಿಟ್ ಶಾಖ ಸಿಗಬಹುದು. ಸೊನ್ನೆಗಿಂತ 10, 15 ಡಿಗ್ರಿ ಕೆಳಗೆ ಹೋದಂತೆ ಅದು ಒಂದೂವರೆಯ ಆಸುಪಾಸಿಗೆ ಇಳಿಯುತ್ತದೆ. ಕಾರಣ ಶೀತಕದಲ್ಲೇ, ಅಂದರೆ ಪಂಪಿನೊಳಗೆ ಕುದಿದು ಆವಿಯಾಗಿ ಶಾಖ ಹೊರುವ ದ್ರವದಲ್ಲೇ ಇದೆ. ಹಳೆಯ ಆರ್-134ಎ ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೆ ಕುದಿಯುತ್ತದೆ, ಈಗಿನ ಆರ್-1234ವೈಎಫ್ 29 ಡಿಗ್ರಿ ಕೆಳಗೆ. ಹೊರಗಿನ ಗಾಳಿಯ ಉಷ್ಣಾಂಶ ಈ ಅಂಕಿಗೆ ಹತ್ತಿರವಾದಷ್ಟೂ ಹೀರಿಕೊಳ್ಳುವ ಬದಿಯಲ್ಲಿ ಆವಿ ತೆಳುವಾಗಿ, ಕಂಪ್ರೆಸರ್ ಪ್ರತಿ ಸುತ್ತಿನಲ್ಲೂ ಬರಿಗೈಯಲ್ಲಿ ದುಡಿದಂತಾಗುತ್ತದೆ. ಇಂಗಾಲದ ಡೈಆಕ್ಸೈಡನ್ನೇ ಶೀತಕವಾಗಿ ಬಳಸುವ ಹೀಟ್ ಪಂಪುಗಳು ಕಡುಚಳಿಯಲ್ಲೂ ಕಸುವು ಉಳಿಸಿಕೊಳ್ಳುತ್ತವೆ. ಆದರೆ ಅವುಗಳ ಕೊಳವೆಗಳು ನೂರು ಬಾರ್ ಮೀರಿದ ಒತ್ತಡ ತಾಳಬೇಕು.

ಇನ್ನೊಂದು ಸಂಗತಿ ಕೈಯಾರೆ ನೋಡಿದ್ದು. ಹೀಟ್ ಪಂಪಿಗೆ ಅತಿ ಕಷ್ಟದ ಹವೆ ಕಡುಚಳಿಯಲ್ಲ, ಸೊನ್ನೆಯ ಆಸುಪಾಸಿನ ತೇವದ ಹವೆ. ಮುಂಬದಿಯ ರೇಡಿಯೇಟರಿನಂಥ ಜಾಲರಿ ಹೊರಗಾಳಿಗಿಂತಲೂ ತಣ್ಣಗಿರುವುದರಿಂದ ಗಾಳಿಯ ತೇವವೆಲ್ಲ ಅದರ ಮೇಲೆ ಹಿಮವಾಗಿ ಕೂರುತ್ತದೆ. ಬೆರಳಿಟ್ಟರೆ ಹಳೆಯ ಫ್ರಿಜ್ಜಿನ ಫ್ರೀಜರಿನ ಗೋಡೆಯಂತೆ ಒರಟಾಗಿ ಅಂಟುತ್ತದೆ. ಗಾಳಿ ನುಸುಳಲು ಜಾಗವಿಲ್ಲವಾದಾಗ ವ್ಯವಸ್ಥೆ ಹಿಮ್ಮುಖವಾಗಿ ಓಡಿ ಅದನ್ನು ಕರಗಿಸಿಕೊಳ್ಳಬೇಕು, ಅಷ್ಟು ಹೊತ್ತು ಒಳಗಿನ ಶಾಖದ ಹೊಣೆ ಪಿಟಿಸಿ ಹೀಟರಿನ ಮೇಲೆ ಬೀಳುತ್ತದೆ. ನಿಂತ ಕಾರಿನ ಬಾನೆಟ್ ಕೆಳಗಿಂದ ಬಿಳಿ ಹೊಗೆಯಂಥ ಆವಿ ಬರುತ್ತಿದೆ ಎಂದು ಗಾಬರಿಯಾಗಿ ಬಂದವರಿದ್ದಾರೆ. ಅದು ಕರಗಿದ ಹಿಮದ ಹಬೆಯಷ್ಟೇ.

ಹೊಸಚಾಲಕ

ಹಾಗಾದರೆ ಹೀಟ್ ಪಂಪ್ ಇರುವ ಕಾರು ಕೊಳ್ಳದೆ ತಪ್ಪು ಮಾಡಿದೆನೇ?

ಶೀತಕ ಕೆಲಸಗಾರ

ನಿಮ್ಮ 9 ಕಿಲೋಮೀಟರಿಗೆ ಅದರಿಂದ ಸಿಗುತ್ತಿದ್ದ ಲಾಭ ನೀವು ಅಂದುಕೊಂಡಷ್ಟಿಲ್ಲ. ಮೊದಲ ಹತ್ತು ನಿಮಿಷ ಬೇಕಾಗುವ 5 ಕಿಲೋವ್ಯಾಟ್ ಶಾಖವನ್ನು ಆ ಚಳಿಯಲ್ಲಿ ಅನೇಕ ಹೀಟ್ ಪಂಪುಗಳು ಒಂಟಿಯಾಗಿ ಕೊಡಲಾರವು, ಜೊತೆಗೆ ವಿದ್ಯುತ್ ಹೀಟರೂ ಸೇರಿಕೊಳ್ಳುತ್ತದೆ. ಹೀಟ್ ಪಂಪ್ ತನ್ನ ಹದಕ್ಕೆ ಬರುವ ಹೊತ್ತಿಗೆ ನೀವು ಕಾರು ನಿಲ್ಲಿಸಿ ಇಳಿದಿರುತ್ತೀರಿ. ದಿನಾ ಗಂಟೆಗಟ್ಟಲೆ ಕಾರಿನಲ್ಲಿರುವವರಿಗೆ, ಅದರಲ್ಲೂ ಸೊನ್ನೆಯಿಂದ 10 ಡಿಗ್ರಿಯೊಳಗಿನ ಒಣಚಳಿಯಲ್ಲಿ, ಅದು ನಿಜಕ್ಕೂ ದೊಡ್ಡ ಉಳಿತಾಯ. 2013ರ ಮಾದರಿಯ ನಿಸಾನ್ ಲೀಫ್‌ನ ಕೆಲವು ಆವೃತ್ತಿಗಳಲ್ಲೇ ಹೀಟ್ ಪಂಪ್ ಬಂದಿತ್ತು. ಟೆಸ್ಲಾ ತನ್ನ ಮಾಡೆಲ್ ವೈ ಕಾರಿನೊಂದಿಗೆ 2020ರಲ್ಲಿ ಆ ದಾರಿ ಹಿಡಿಯಿತು. ಹೊಸ ಕಾರುಗಳಲ್ಲಿ ಮೋಟಾರು ಮತ್ತು ಇನ್ವರ್ಟರಿನಿಂದ ಹೊರಬರುವ ಅಲ್ಪ ಶಾಖವನ್ನೂ ಬಿಡದೆ ಹೀಟ್ ಪಂಪಿನ ಬಾಯಿಗೆ ಕೊಡುತ್ತಾರೆ, ಅದು ಒಳ್ಳೆಯ ಕೆಲಸ.

ರಾತ್ರಿಪಾಳಿ

ನಾನು ಈ ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ನನ್ನದು ಹೀಟ್ ಪಂಪ್ ಇರುವ ಕಾರು, ಬ್ಯಾಟರಿ 60 ಯೂನಿಟ್ಟಿನದು. ನನ್ನ ಪ್ರಶ್ನೆ ಯೂನಿಟ್ಟಿನದಕ್ಕಿಂತ ಭಯದ್ದು. ವಾರಕ್ಕೆರಡು ಬಾರಿ ಅಮ್ಮನನ್ನು ಚಿಕಿತ್ಸೆಗೆ ಕರೆದೊಯ್ಯುತ್ತೇನೆ, ಹೋಗಲು ಐವತ್ತು ನಿಮಿಷ. ಹೋದ ತಿಂಗಳು ಹಿಮ ಸುರಿದು ದಾರಿಯಲ್ಲಿ ಎರಡು ಗಂಟೆ ನಿಂತುಬಿಟ್ಟೆವು. ಬ್ಯಾಟರಿ ಅರ್ಧ ಇತ್ತು. ಮುಗಿದುಹೋದರೆ ಏನು ಗತಿ ಎಂಬ ಹೆದರಿಕೆಯಲ್ಲಿ ಹೀಟರ್ ಆರಿಸಿದೆ. ಅಮ್ಮ ಏನೂ ಹೇಳಲಿಲ್ಲ. ಕೊನೆಗೆ ಅವರ ಕೈ ಹಿಡಿದು ನೋಡಿದರೆ ಬೆರಳ ತುದಿಗಳು ಬಿಳುಚಿಕೊಂಡು, ಉಗುರುಗಳು ನೀಲಿಗಟ್ಟಿದ್ದವು. ಆ ದಿನದಿಂದ ನನಗೆ ನನ್ನ ಮೇಲೇ ಸಿಟ್ಟಿದೆ. ನಿಂತ ಕಾರಿನಲ್ಲಿ ಹೀಟರ್ ಎಷ್ಟು ಹೊತ್ತು ಓಡುತ್ತದೆ ಎಂದು ಮೇಷ್ಟ್ರು ಲೆಕ್ಕ ಹಾಕಿ ಹೇಳುವಿರಾ?

ಭೌತಶಾಸ್ತ್ರದ ಮೇಷ್ಟ್ರು

ತಾಯಿ, ನೀವು ಆರಿಸಬೇಕಾಗಿಯೇ ಇರಲಿಲ್ಲ. ಅರ್ಧ ಬ್ಯಾಟರಿ ಎಂದರೆ 30 ಯೂನಿಟ್. ಕಾರು ಒಮ್ಮೆ ಬೆಚ್ಚಗಾದ ಮೇಲೆ ಸಾದಾ ಹೀಟರೇ ಆದರೂ 2 ಕಿಲೋವ್ಯಾಟ್ ಲೆಕ್ಕದಲ್ಲಿ ಹದಿನೈದು ಗಂಟೆ ಓಡುತ್ತದೆ. ಮುಂದೆ ಚಾರ್ಜಿಂಗ್ ಜಾಗ ತಲುಪಲು 10 ಯೂನಿಟ್ ಬದಿಗಿಟ್ಟರೂ ಹತ್ತು ಗಂಟೆ. ನಿಮ್ಮ ಹೀಟ್ ಪಂಪಿಗೆ ಇದಕ್ಕಿಂತಲೂ ಕಡಿಮೆ ಸಾಕು. ನಿಂತ ಕಾರಿನ ಮೈಗೆ ಎದುರುಗಾಳಿ ಬಡಿಯದ ಕಾರಣ ಸೋರುವ ಶಾಖವೂ ಕಡಿಮೆ. ಎರಡು ಗಂಟೆಯಲ್ಲಿ ನಿಮಗೆ ಖರ್ಚಾಗುತ್ತಿದ್ದದ್ದು ಹೆಚ್ಚೆಂದರೆ 4 ಯೂನಿಟ್, ಅಂದರೆ ಸುಮಾರು ಇಪ್ಪತ್ತು ಕಿಲೋಮೀಟರ್ ಓಟದಷ್ಟು. ಹಿಮದಲ್ಲಿ ಸಿಕ್ಕಿಕೊಂಡ ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಓಡಿಸಿಟ್ಟಾಗ ಹೊಗೆ ಕೊಳವೆ ಮುಚ್ಚಿ ವಿಷಾನಿಲ ಒಳಗೆ ಸೇರುವ ಅಪಾಯವಿರುತ್ತದೆ. ನಿಮಗೆ ಅದೂ ಇಲ್ಲ.

ಉಳಿಸಲೇಬೇಕಾದರೆ ಮೊದಲು ಸೀಟಿನ ಹೀಟರ್ ಹಾಕಿ. ಅದು ತಿನ್ನುವುದು 50 ರಿಂದ 100 ವ್ಯಾಟ್, ಒಂದು ಹಳೆಯ ಕಾಲದ ಬಲ್ಬಿನಷ್ಟು. ಗಾಳಿಯನ್ನು ಬಿಸಿ ಮಾಡಿ ಆ ಗಾಳಿಯಿಂದ ಮೈಯನ್ನು ಬಿಸಿ ಮಾಡುವ ಬದಲು ಇದು ನೇರವಾಗಿ ಬೆನ್ನಿಗೆ ತಾಗುತ್ತದೆ. ಅಮ್ಮನ ಸೀಟಿಗೆ ಅದನ್ನು ಹಾಕಿದರೆ ಒಳಗಿನ ಉಷ್ಣಾಂಶವನ್ನು 22ರಿಂದ 18ಕ್ಕೆ ಇಳಿಸಿದರೂ ಅವರಿಗೆ ಚಳಿಯಾಗುವುದಿಲ್ಲ. ಹೊರಗೆ ಸೊನ್ನೆಗಿಂತ 8 ಕೆಳಗಿದ್ದಾಗ ಒಳ ಹೊರಗಿನ ಅಂತರ 30ರಿಂದ 26ಕ್ಕೆ ಇಳಿದು, ನಿರಂತರ ಖರ್ಚಿನಲ್ಲಿ ಶೇಕಡ 13 ಉಳಿಯುತ್ತದೆ.

ಗಾಜಿನ ಚಿಂತೆ

ಮೇಷ್ಟ್ರೇ, ಹೊಸ ಗಾಳಿಗೇ ದೊಡ್ಡ ಖರ್ಚು ಎಂದಿರಿ. ಹಾಗಿದ್ದರೆ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿಬಿಟ್ಟರೆ ಅರ್ಧಕ್ಕರ್ಧ ಉಳಿಯುವುದಿಲ್ಲವೇ? ನಾನು ಹಾಗೆ ಮಾಡಿ ನೋಡಿದೆ, ನಿಜಕ್ಕೂ ಯೂನಿಟ್ ಇಳಿಯಿತು. ಆದರೆ ಹೊಸಚಾಲಕರು ಹೇಳಿದ ಬಿಳಿ ಪೊರೆ ನನ್ನ ಗಾಜಿಗೂ ಬಂತು.

ಭೌತಶಾಸ್ತ್ರದ ಮೇಷ್ಟ್ರು

ಈ ವಿಷಯದ ಮರ್ಮ ಇರುವುದೇ ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹೊಸ ಗಾಳಿ ಬೇಕಾಗಿರುವುದು ಮುಖ್ಯವಾಗಿ ಒಳಗಿನ ತೇವವನ್ನು ಹೊತ್ತೊಯ್ಯಲು. ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ 40, 50 ಗ್ರಾಂ ನೀರು ಆವಿಯಾಗಿ ಹೊರಬರುತ್ತದೆ. ಇಬ್ಬರೆಂದರೆ ನಿಮಿಷಕ್ಕೆ ಒಂದೂವರೆ ಗ್ರಾಂ. ಒಳಗಿರುವ 3 ಘನ ಮೀಟರ್ ಗಾಳಿಗೆ ಅದನ್ನು ಹಂಚಿದರೆ ಪ್ರತಿ ನಿಮಿಷ ಘನ ಮೀಟರಿಗೆ ಅರ್ಧ ಗ್ರಾಂ ತೇವ ಏರುತ್ತದೆ.

ಸೊನ್ನೆಗಿಂತ 8 ಡಿಗ್ರಿ ಕೆಳಗಿನ ಹೊರಗಾಳಿ ಘನ ಮೀಟರಿಗೆ ಎರಡೂವರೆ ಗ್ರಾಂ ತೇವವನ್ನಷ್ಟೇ ಹಿಡಿದಿಡಬಲ್ಲದು. ಅದು ಬಿಸಿಯಾದ ಮೇಲೆ ಬಹಳ ಒಣ ಗಾಳಿ. ನಿಮ್ಮ ಎದುರಿನ ಗಾಜಿನ ಒಳಮೈ 2 ಡಿಗ್ರಿ ಇದೆ ಎಂದುಕೊಳ್ಳಿ. ಅದನ್ನು ಮುಟ್ಟಿದ ಗಾಳಿಯಲ್ಲಿ 5.6 ಗ್ರಾಂಗಿಂತ ಹೆಚ್ಚು ತೇವ ಇದ್ದರೆ ಉಳಿದದ್ದು ಗಾಜಿನ ಮೇಲೆ ಕೂರುತ್ತದೆ. ಎರಡೂವರೆಯಿಂದ ಐದೂವರೆಗೆ ಏರಲು, ನಿಮಿಷಕ್ಕೆ ಅರ್ಧ ಗ್ರಾಂ ಲೆಕ್ಕದಲ್ಲಿ, ಆರು ನಿಮಿಷ ಸಾಕು. ಎಲ್ಲ ಕಿಂಡಿ ಮುಚ್ಚಿ ಹೊರಟ ಕಾರಿನ ಗಾಜು ಆರೇಳು ನಿಮಿಷದಲ್ಲಿ ಬೆಳ್ಳಗಾಗುವುದು ಇದೇ ಕಾರಣಕ್ಕೆ. ತೇವದ ಜೊತೆಗೆ ಇಂಗಾಲದ ಡೈಆಕ್ಸೈಡೂ ಸೇರಿಕೊಂಡು ತೂಕಡಿಕೆ ಬರಿಸುತ್ತದೆ, ಚಾಲಕನಿಗೆ ಅದು ಇನ್ನೂ ಕೆಟ್ಟದ್ದು.

ಹಾಗಾಗಿ ಗುಂಡಿಯನ್ನು ಪೂರ್ತಿ ಒತ್ತಿಡಬೇಡಿ. ಹೊರಟ ಮೊದಲ ಎರಡು ಮೂರು ನಿಮಿಷ ಒಳಗಾಳಿ ತಿರುಗಿಸಿ, ಆಮೇಲೆ ಹೊರಗಾಳಿಗೆ ಬದಲಿಸಿ, ಫ್ಯಾನನ್ನು ನಿಧಾನವಾಗಿಟ್ಟರೆ ಉಳಿತಾಯವೂ ಆಗುತ್ತದೆ, ಗಾಜೂ ತಿಳಿಯಾಗಿರುತ್ತದೆ. ಕೆಲವು ಕಾರುಗಳು ತೇವ ಅಳೆಯುವ ಸಂವೇದಕ ಇಟ್ಟುಕೊಂಡು ಈ ಮಿಶ್ರಣವನ್ನು ತಾವೇ ಹದವಾಗಿ ಮಾಡುತ್ತವೆ. ಅಂಥ ಕಾರಿನಲ್ಲಿ ಆಟೋ ಎಂಬಲ್ಲಿಗೆ ಬಿಟ್ಟುಬಿಡುವುದೇ ಲೇಸು.

ಇನ್ನು ಬೂಟಿಗಂಟಿದ ಹಿಮ. ಅದನ್ನು ಕೊಡವದೆ ಹತ್ತುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಚಾಪೆಯ ಮೇಲೆ ಕರಗಿದ 200 ಗ್ರಾಂ ನೀರು ಪೂರ್ತಿ ಆವಿಯಾಗಲು 500 ಕಿಲೋಜೂಲ್ ಬೇಕು. ಕಾರಿನೊಳಗಿನ ಅಷ್ಟೂ ಗಾಳಿಯನ್ನು ಬಿಸಿ ಮಾಡುವುದರ ನಾಲ್ಕು ಪಟ್ಟು ಅದು. ಆ ಆವಿಯೆಲ್ಲ ಮತ್ತೆ ಗಾಜಿಗೇ ಬಂದು ಕೂರುತ್ತದೆ. ಬಾಗಿಲ ಅಂಚಿಗೆ ಕಾಲು ತಟ್ಟಿ ಒಳಗೆ ಬನ್ನಿ, ವಾರಕ್ಕೊಮ್ಮೆ ಚಾಪೆ ತೆಗೆದು ಒಣಗಿಸಿ.

ಶೀತಕ ಕೆಲಸಗಾರ

ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಗಾಜಿಗೆ ಪದೇ ಪದೇ ಆವಿ ಹಿಡಿಯುವ ಕಾರು ಬಂದರೆ ನಾನು ಮೊದಲು ತೆಗೆದು ನೋಡುವುದು ಕ್ಯಾಬಿನ್ ಫಿಲ್ಟರ್. ತರಗೆಲೆ ತುಂಬಿ ಒದ್ದೆಯಾದ ಫಿಲ್ಟರಿನಿಂದ ಗಾಳಿ ಬರುವುದಿಲ್ಲ, ಬಂದರೂ ತೇವದ ಗಾಳಿ. ಅದನ್ನು ಬದಲಿಸಿದರೆ ಹೀಟರನ್ನು ಒಂದು ಮೆಟ್ಟಿಲು ಇಳಿಸಿದರೂ ಗಾಜು ತಿಳಿಯಾಗಿರುತ್ತದೆ.

ಉದ್ದದಾರಿ

ಹೀಟರಿನ ಖರ್ಚು ಗಂಟೆಯದೆಂಬ ಮೇಷ್ಟ್ರ ಮಾತಿಗೆ ಮತ್ತೊಂದು ಆಧಾರ ಸಿಕ್ಕಿತು. ನಾರ್ವೆಯ ವಾಹನ ಸಂಘಟನೆ ಎನ್‌ಎಎಫ್ 2020ರ ಚಳಿಗಾಲದಲ್ಲಿ 20 ವಿದ್ಯುತ್ ಕಾರುಗಳನ್ನು ಬ್ಯಾಟರಿ ಬರಿದಾಗುವವರೆಗೆ ರಸ್ತೆಯಲ್ಲಿ ಓಡಿಸಿತು. ಅಲ್ಲಿ ಅಧಿಕೃತ ರೇಂಜಿಗಿಂತ ಸರಾಸರಿ ಶೇಕಡ 18.5 ಮಾತ್ರ ಕಡಿಮೆ ಬಂತು. ಎಎಎಯ 41 ಎಲ್ಲಿ, ಇದೆಲ್ಲಿ ಎಂದು ನಾನೂ ಮೊದಲು ಬೆರಗಾದೆ. ನಾರ್ವೆಯಲ್ಲಿ ಅಂದು ಹವೆ ಸೊನ್ನೆಯ ಆಸುಪಾಸಿನಲ್ಲಿತ್ತು, ಅಷ್ಟು ಕಡುಚಳಿ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ಹೊರಟ ಕಾರು ಕೊನೆವರೆಗೂ ಓಡುತ್ತಲೇ ಇತ್ತು. ಮೊದಲ ಹತ್ತು ನಿಮಿಷದ ಸುಂಕವನ್ನು ಒಂದೇ ಸಲ ಕಟ್ಟಿ ನೂರಾರು ಕಿಲೋಮೀಟರಿಗೆ ಹಂಚಿಕೊಂಡವು. ಹೊಸಚಾಲಕರು ಬ್ಯಾಟರಿ ಬರಿದಾಗುವುದರೊಳಗೆ ಅದೇ ಸುಂಕವನ್ನು ಹದಿನಾಲ್ಕು ಬಾರಿ ಕಟ್ಟುತ್ತಾರೆ.

ಅಧಿಕೃತ ರೇಂಜ್ ಎಂದು ಬರೆದಿರುವ ಡಬ್ಲ್ಯುಎಲ್‌ಟಿಪಿ ಎಂಬ ಪರೀಕ್ಷೆಯ ಅಂಕಿಯನ್ನು 23 ಡಿಗ್ರಿಯಲ್ಲಿ, ಹೀಟರ್ ಎಸಿ ಎರಡೂ ಇಲ್ಲದೆ ಅಳೆಯುತ್ತಾರೆ ಎಂಬುದನ್ನು ಕಾರು ಕೊಳ್ಳುವವರಿಗೆ ಯಾರಾದರೂ ಮೊದಲೇ ಹೇಳಬೇಕು. ನನಗೆ ಕಾರು ಮಾರಿದವರು ಹೇಳಲಿಲ್ಲ, ಮೊದಲ ಚಳಿಗಾಲದಲ್ಲಿ ನಾನು ದಾರಿ ನಡುವೆ ಚಾರ್ಜಿಂಗ್ ಹುಡುಕಿಕೊಂಡು ಅಲೆದೆ.

ಗಾಜಿನ ಚಿಂತೆ

ಹೊರಡುವ ಮುಂಚೆ ಮೊಬೈಲಿನಿಂದಲೇ ಹೀಟರ್ ಹಾಕಿಟ್ಟರೆ ಸುಂಕ ತಪ್ಪುತ್ತದೆಯೇ?

ಉದ್ದದಾರಿ

ಚಾರ್ಜಿಂಗ್ ಕೇಬಲ್ ಸಿಕ್ಕಿಸಿದ್ದರೆ ಆ ಶಕ್ತಿ ಗೋಡೆಯಿಂದ ಬರುತ್ತದೆ, ಬ್ಯಾಟರಿ ತುಂಬಿಯೇ ಉಳಿಯುತ್ತದೆ. ಕೇಬಲ್ ಇಲ್ಲದಿದ್ದರೆ ಅದೇ ಬ್ಯಾಟರಿಯಿಂದ ಅದೇ ಶಕ್ತಿ ಹತ್ತು ನಿಮಿಷ ಮೊದಲೇ ಹೋಗುತ್ತದೆ. ಹತ್ತುವಾಗ ಬೆಚ್ಚಗಿರುತ್ತದೆ ಎಂಬ ಸುಖವಿದೆಯೇ ಹೊರತು ಉಳಿತಾಯವಿಲ್ಲ. ಸಾಮಾನ್ಯ ಗೋಡೆ ಸಾಕೆಟ್ಟಿನಲ್ಲಿ ಇನ್ನೊಂದು ತೊಡಕಿದೆ. 230 ವೋಲ್ಟ್, 10 ಆಂಪಿಯರ್ ಎಂದರೆ 2.3 ಕಿಲೋವ್ಯಾಟ್. ಹೀಟರ್ ಕೇಳುವುದು 5. ಕೊರತೆಯಾದದ್ದನ್ನು ಬ್ಯಾಟರಿಯೇ ತುಂಬಿಕೊಡಬೇಕಾಗುತ್ತದೆ. ಅಂಥವರು ಇನ್ನೂ ಮುಂಚಿತವಾಗಿ, ಅರ್ಧ ಗಂಟೆ ಇರುವಾಗಲೇ ಶುರು ಮಾಡಿದರೆ ಹೊರಡುವುದರೊಳಗೆ ಆ ಕೊರತೆಯಲ್ಲಿ ಸ್ವಲ್ಪವಾದರೂ ಬ್ಯಾಟರಿಗೆ ಮರಳಿ ತುಂಬಬಹುದು.

ಹೊಸಚಾಲಕ

ಎರಡು ವಾರ ನೀವೆಲ್ಲ ಹೇಳಿದ್ದನ್ನು ಪಾಲಿಸಿ ಬರೆಯುತ್ತಿದ್ದೇನೆ. ಕೇಬಲ್ ಸಿಕ್ಕಿಸಿ, ಹೊರಡುವ ಅರ್ಧ ಗಂಟೆ ಮೊದಲು ಹೀಟರ್ ಶುರುವಾಗುವಂತೆ ಸಮಯ ಹೊಂದಿಸಿದೆ. ಗಾಜಿನ ಮೇಲಿನ ಹಿಮವನ್ನು ಹೀಟರಿಗೆ ಬಿಡದೆ ಕೈಯಿಂದ ಕೆರೆದು ತೆಗೆಯುತ್ತೇನೆ. ಸೀಟಿನ ಹೀಟರ್ ಎರಡನೇ ಹಂತದಲ್ಲಿ, ಒಳಗಿನ ಉಷ್ಣಾಂಶ 18. ಹೊರಗೆ ಸೊನ್ನೆಗಿಂತ 8 ಡಿಗ್ರಿ ಕೆಳಗಿದ್ದ ನಿನ್ನೆ, 9 ಕಿಲೋಮೀಟರಿಗೆ ಬ್ಯಾಟರಿಯಿಂದ ಹೋದದ್ದು 2.1 ಯೂನಿಟ್. ಮೊದಲಿನ 2.7ಕ್ಕೆ ಹೋಲಿಸಿದರೆ ಇದು ದೊಡ್ಡ ಇಳಿಕೆ.

ಆದರೆ ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು. ಮನೆಯ ಮೀಟರಿನಲ್ಲಿ ಆ ಅರ್ಧ ಗಂಟೆಗೆ 1.1 ಯೂನಿಟ್ ಓಡಿದೆ. ಎರಡನ್ನೂ ಕೂಡಿಸಿದರೆ ಒಟ್ಟು ಖರ್ಚು ಮೊದಲಿಗಿಂತ ಕಡಿಮೆಯೇನಲ್ಲ, ಸ್ವಲ್ಪ ಹೆಚ್ಚೇ. ಉಳಿದದ್ದು ರೇಂಜ್. ಬಿಲ್ಲು ಉಳಿಯಬೇಕೆಂದಿರುವ ದಿನ, ಸಂಜೆ ಹೆಚ್ಚು ಓಡಾಟವಿಲ್ಲದಿದ್ದರೆ, ಮುಂಚಿತವಾಗಿ ಬಿಸಿ ಮಾಡುವುದನ್ನು ಕೈಬಿಟ್ಟು ಸೀಟಿನ ಹೀಟರ್ ಮತ್ತು ಗಾಜಿಗೆ ಬೇಕಾದಷ್ಟೇ ಬಿಸಿಗಾಳಿ ಇಟ್ಟುಕೊಂಡು ಹೋಗುತ್ತೇನೆ. ಉದ್ದ ಪಯಣದ ದಿನ ಮಾತ್ರ ಕೇಬಲ್ಲಿನಲ್ಲೇ ಬಿಸಿ ಮಾಡುತ್ತೇನೆ.

ರಾತ್ರಿಪಾಳಿ

ಮೇಷ್ಟ್ರೇ, ನಿನ್ನೆ ಮತ್ತೆ ಅಮ್ಮನ ಜೊತೆ ಹೋಗಿ ಬಂದೆ. ಹೊರಗೆ ಸೊನ್ನೆಗಿಂತ 14 ಡಿಗ್ರಿ ಕೆಳಗಿತ್ತು. ಕೇಬಲ್ಲಿನಲ್ಲೇ ಕಾರು ಬೆಚ್ಚಗೆ ಮಾಡಿ, ಅವರ ಸೀಟಿನ ಹೀಟರ್ ಹಾಕಿ, ಒಳಗೆ 19 ಇಟ್ಟೆ, ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿದೆ. ಐವತ್ತು ನಿಮಿಷಕ್ಕೆ ಹೀಟರಿನ ಖರ್ಚು ಎಂದು ಪರದೆ ತೋರಿಸಿದ್ದು 1.3 ಯೂನಿಟ್. ಅರ್ಧ ದಾರಿಯಲ್ಲಿ ಅಮ್ಮ ಕೈಗವಸು ಕಳಚಿ ಮಡಿಲಲ್ಲಿಟ್ಟುಕೊಂಡು, ತಲೆ ವಾಲಿಸಿ ನಿದ್ದೆ ಹೋದರು.